ಎವರೇಜ್ ಕೇಳುವ ಮೊದಲು ತಿಂಗಳ ಓಟ ಕೇಳಿ

ಉತ್ತರ ಕರ್ನಾಟಕದಲ್ಲಿ ಹೊಸ ಕಾರೊಂದು ಮನೆ ಮುಂದೆ ನಿಂತರೆ ನೋಡಲು ಬಂದವರು ಮೊದಲು ಕೇಳುವುದು ‘ಎವರೇಜ್ ಎಷ್ಟ್ ಕೊಡ್ತೈತ್ರಿ?’ ಎಂದು. ‘ಡೀಸೆಲ್ಲೋ ಪೆಟ್ರೋಲೋ?’ ಎಂಬುದು ಅದರ ಬೆನ್ನಿಗೇ ಬರುತ್ತದೆ. ಪೆಟ್ರೋಲ್ ಎಂದರೆ ಕೇಳಿದವರ ಮುಖದಲ್ಲಿ ಸಣ್ಣದೊಂದು ಅನುಮಾನ ಸುಳಿಯುತ್ತದೆ. ಇಳಕಲ್ಲಿನಂಥ ಊರಿನಲ್ಲಿ ಈ ಅನುಮಾನಕ್ಕೆ ಕಾರಣವೂ ಇದೆ. ಊರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50, ಅಂದರೆ ಹಿರಿಯರು ಇಂದಿಗೂ ‘ಹದಿಮೂರು’ ಎಂದೇ ಕರೆಯುವ ಹಳೆಯ ಸೋಲಾಪುರ–ಮಂಗಳೂರು ರಸ್ತೆ, ಹಗಲು ರಾತ್ರಿ ಲಾರಿಗಳಿಂದ ತುಂಬಿರುತ್ತದೆ. ಕೆಂಪು ಗ್ರಾನೈಟಿನ ಬ್ಲಾಕು ಹೊರುವ ಲಾರಿ, ಹಳ್ಳಿಗಳಿಂದ ಜನರನ್ನು ತರುವ ಕ್ರೂಸರ್, ಹೊಲದ ಟ್ರ್ಯಾಕ್ಟರ್, ಸರ್ಕಾರಿ ಬಸ್ಸು ಎಲ್ಲವೂ ಡೀಸೆಲ್. ಈ ಊರಲ್ಲಿ ದುಡಿದು ದುಡ್ಡು ತರುವ ಎಂಜಿನ್ ಎಂದರೆ ಡೀಸೆಲ್ ಎಂಜಿನ್ನೇ. ಮನೆಯ ಕಾರಿಗೂ ಅದೇ ಇರಲಿ ಎನ್ನುವುದು ಸಹಜ. ಆದರೆ ಈ ನಂಬಿಕೆ ಹುಟ್ಟಿದ ಕಾಲ ಬೇರೆ, ಈಗಿನ ಕಾಲ ಬೇರೆ. ಮನೆಬಳಕೆಗೆ ಕಾರು ಕೊಳ್ಳುವ ಬಹುಪಾಲು ಕುಟುಂಬಗಳಿಗೆ ಇಂದು ಡೀಸೆಲ್ ಉಳಿತಾಯ ಕೊಡುವುದಿಲ್ಲ. ಯಾರಿಗೆ ಕೊಡುತ್ತದೆ ಎಂಬುದನ್ನು ಎವರೇಜ್ ತೀರ್ಮಾನಿಸುವುದಿಲ್ಲ; ಆ ಕಾರು ತಿಂಗಳಿಗೆ ಎಷ್ಟು ಓಡುತ್ತದೆ, ಒಂದೊಂದು ಸಲಕ್ಕೆ ಎಷ್ಟು ದೂರ ಓಡುತ್ತದೆ ಎಂಬುದು ತೀರ್ಮಾನಿಸುತ್ತದೆ.

ಡೀಸೆಲ್ ಅಗ್ಗ ಎಂಬ ಮಾತು ಸುಳ್ಳಲ್ಲ, ಅದಕ್ಕೊಂದು ಇತಿಹಾಸವಿದೆ. ರೈತ, ಲಾರಿ, ಬಸ್ಸು ಇವರಿಗೆ ಹೊರೆಯಾಗಬಾರದೆಂದು ಕೇಂದ್ರ ಸರ್ಕಾರ ಡೀಸೆಲ್ ದರವನ್ನು ದಶಕಗಳ ಕಾಲ ಕೈಯಲ್ಲಿ ಹಿಡಿದುಕೊಂಡಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು, ಡೀಸೆಲನ್ನು ಬಿಡಲಿಲ್ಲ. ಅಲ್ಲಿಂದ ಎರಡರ ನಡುವಿನ ಅಂತರ ಬೆಳೆಯುತ್ತಲೇ ಹೋಯಿತು. 2012ರ ಮೇ ತಿಂಗಳಲ್ಲಿ ಪೆಟ್ರೋಲ್ ಒಮ್ಮೆಲೇ ಏಳೂವರೆ ರೂಪಾಯಿ ಏರಿದಾಗ ದೆಹಲಿಯಲ್ಲಿ ಲೀಟರಿಗೆ 73.18 ರೂಪಾಯಿ ಆಯಿತು, ಡೀಸೆಲ್ 40.91ರಲ್ಲೇ ಇತ್ತು. ಲೀಟರಿಗೆ 32 ರೂಪಾಯಿ ವ್ಯತ್ಯಾಸ! ದೇಶದಲ್ಲಿ ಮಾರಾಟವಾದ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಆಗಿದ್ದು ಆ ದಿನಗಳಲ್ಲೇ. ಟ್ರ್ಯಾಕ್ಟರಿಗೆಂದು ಇಟ್ಟ ಸಬ್ಸಿಡಿಯನ್ನು ದೊಡ್ಡ ದೊಡ್ಡ ಕಾರುಗಳು ಕುಡಿಯುತ್ತಿವೆ ಎಂಬ ಆಕ್ಷೇಪ ಆಗಲೇ ಇತ್ತು. 2010ರಲ್ಲಿ ಕಿರೀಟ್ ಪಾರಿಖ್ ಸಮಿತಿ ಪ್ರತಿ ಡೀಸೆಲ್ ಕಾರಿನ ಮೇಲೆ 80,000 ರೂಪಾಯಿ ಹೆಚ್ಚುವರಿ ಸುಂಕ ಹಾಕಿ ಎಂದೇ ಸಲಹೆ ಮಾಡಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ. ಬದಲಿಗೆ 2013ರ ಜನವರಿಯಿಂದ ಡೀಸೆಲ್ ದರವನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುತ್ತಾ ಬಂದು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ಮಾರುಕಟ್ಟೆಗೆ ಬಿಟ್ಟಿತು. 2020ರ ಜೂನ್‌ನಲ್ಲಿ ದೆಹಲಿಯ ಪಂಪುಗಳಲ್ಲಿ ಡೀಸೆಲ್ ಪೆಟ್ರೋಲಿಗಿಂತ ಕೆಲವು ಪೈಸೆ ದುಬಾರಿಯೇ ಆಗಿಬಿಟ್ಟಿತು. ಈ ಅಂತರವನ್ನು ನಿರ್ಧರಿಸುವುದು ಎಂಜಿನ್ ಅಲ್ಲ, ಬಜೆಟ್ಟು. ಹತ್ತು ವರ್ಷ ಇಟ್ಟುಕೊಳ್ಳುವ ಕಾರನ್ನು ಇವತ್ತಿನ ದರಫಲಕ ನೋಡಿ ಕೊಳ್ಳುವವರು ಇದನ್ನು ಮರೆಯಬಾರದು.

ಕರ್ನಾಟಕದಲ್ಲೂ ಇದೇ ಕತೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್ಲಿನದನ್ನು ಶೇ 18ರ ಮೇಲಕ್ಕೆ ತಂದಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಏರಿ ಶೇ 21.17 ಆಯಿತು. ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91 ರೂಪಾಯಿ. ಅಂತರ ಹನ್ನೆರಡು ರೂಪಾಯಿ ಮಾತ್ರ.

ಹಾಗಾದರೆ ಡೀಸೆಲ್ಲಿಗೆ ಉಳಿದಿರುವ ಬಲ ಯಾವುದು? ಅದು ಎಂಜಿನ್ನಿನ ಒಳಗಿದೆ, ಮತ್ತು ಅದು ನಿಜವಾದ ಬಲವೇ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ಜರ್ಮನಿಯಲ್ಲಿ ರೂಪಿಸಿದ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ; ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಉರಿಯುವ ಇಂಧನದಿಂದ ಪಡೆಯುವ ಕೆಲಸ ಹೆಚ್ಚು. ಜೊತೆಗೆ ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶೇ 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ಎರಡೂ ಸೇರಿ ಒಂದೇ ಗಾತ್ರದ ಕಾರು ಡೀಸೆಲ್ಲಿನಲ್ಲಿ ನಾಲ್ಕನೇ ಒಂದು ಭಾಗದಷ್ಟು ಹೆಚ್ಚು ದೂರ ಓಡುವುದು ಸಾಮಾನ್ಯ. ಆದರೆ ಅಷ್ಟು ಒತ್ತಡ ತಡೆದುಕೊಳ್ಳಲು ಎಂಜಿನ್ ಭಾರವಾಗಿರಬೇಕು, ಡೀಸೆಲನ್ನು ಭಾರಿ ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಟರ್ ಮತ್ತು ಪಂಪು ಬೇಕು, ಟರ್ಬೊ ಬೇಕು. ಕಾರಿನ ಬೆಲೆ ಏರುವುದು ಇಲ್ಲಿಂದಲೇ.

ಈಗ ಲೆಕ್ಕಕ್ಕೆ ಬರೋಣ. ಒಂದೇ ಮಾದರಿಯ ಎರಡು ಕಾರು ಇವೆ ಎಂದುಕೊಳ್ಳಿ: ಪೆಟ್ರೋಲಿನದು ಲೀಟರಿಗೆ 16 ಕಿ.ಮೀ., ಡೀಸೆಲ್ಲಿನದು 20 ಕಿ.ಮೀ. ಓಡುತ್ತದೆ. ಕಂಪನಿಯವರು ಹೇಳುವ ಎವರೇಜ್ ಇದಕ್ಕಿಂತ ಹೆಚ್ಚಿರುತ್ತದೆ, ರಸ್ತೆಯಲ್ಲಿ ಎ.ಸಿ. ಹಾಕಿ ನಾಲ್ವರು ಕೂತಾಗ ಸಿಗುವುದನ್ನು ಹಿಡಿಯುವುದು ಒಳ್ಳೆಯದು. 103 ರೂಪಾಯಿ ದರದಲ್ಲಿ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 6.44 ರೂಪಾಯಿ ಬೀಳುತ್ತದೆ, 91 ರೂಪಾಯಿ ದರದಲ್ಲಿ ಡೀಸೆಲ್ಲಿಗೆ 4.55. ಉಳಿತಾಯ ಕಿಲೋಮೀಟರಿಗೆ 1.89 ರೂಪಾಯಿ. ಎರಡರ ಆನ್‌ರೋಡ್ ಬೆಲೆಯಲ್ಲಿ ಒಂದೂವರೆ ಲಕ್ಷ ವ್ಯತ್ಯಾಸ ಇದ್ದರೆ ಆ ಹಣ ವಾಪಸಾಗಲು ಕಾರು 79,000 ಕಿ.ಮೀ. ದಾಟಬೇಕು. ತಿಂಗಳಿಗೆ 800 ಕಿ.ಮೀ. ಓಡಿಸುವ ಮನೆಗೆ ಅದು ಎಂಟು ವರ್ಷದ ಮಾತು. ಇದೇ ಲೆಕ್ಕವನ್ನು 2012ರ ದೆಹಲಿ ದರದಲ್ಲಿ ಹಾಕಿ ನೋಡಿದರೆ ಉಳಿತಾಯ ಕಿಲೋಮೀಟರಿಗೆ ಎರಡೂವರೆ ರೂಪಾಯಿಗೂ ಹೆಚ್ಚು ಬರುತ್ತದೆ. ಅಂದಿನ ಎರಡೂವರೆ ರೂಪಾಯಿಗೆ ಇಂದಿಗಿಂತ ಬೆಲೆಯೂ ಹೆಚ್ಚಿತ್ತು. ಅಂದು ಡೀಸೆಲ್ ಕೊಂಡವರು ಜಾಣರು. ಅವರ ಮಾತು ಕೇಳಿ ಇಂದು ಕೊಳ್ಳುವವರಿಗೆ ಹಾಗೆನ್ನಲು ಬರುವುದಿಲ್ಲ.

ನಮ್ಮ ರಾಜ್ಯದ ರಸ್ತೆ ತೆರಿಗೆ ಈ ವ್ಯತ್ಯಾಸವನ್ನು ಇನ್ನಷ್ಟು ಹಿಗ್ಗಿಸುತ್ತದೆ, ಇದನ್ನು ಗಮನಿಸುವವರು ಕಡಿಮೆ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಅದರ ಬೆಲೆಯ ಮೇಲೆ ನಿಂತಿದೆ: ಐದು ಲಕ್ಷದವರೆಗೆ ಶೇ 13, ಐದರಿಂದ ಹತ್ತು ಲಕ್ಷಕ್ಕೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಸೆಸ್ ಬೇರೆ. ಪೆಟ್ರೋಲ್ ಮಾದರಿ ಒಂಬತ್ತೂವರೆ ಲಕ್ಷಕ್ಕಿದ್ದು ಡೀಸೆಲ್ ಹತ್ತು ಲಕ್ಷದ ಎಂಬತ್ತು ಸಾವಿರಕ್ಕಿದ್ದರೆ, ಮೊದಲನೆಯದಕ್ಕೆ 1.33 ಲಕ್ಷ ತೆರಿಗೆ, ಎರಡನೆಯದಕ್ಕೆ 1.83 ಲಕ್ಷಕ್ಕೂ ಹೆಚ್ಚು. ಷೋರೂಮಿನ ಹಾಳೆಯಲ್ಲಿ 1.30 ಲಕ್ಷ ಎಂದು ಕಂಡ ವ್ಯತ್ಯಾಸ ಬಾಗಲಕೋಟೆಯ ಆರ್‌ಟಿಒ ಕಚೇರಿ ದಾಟುವ ಹೊತ್ತಿಗೆ 1.80 ಲಕ್ಷ ಆಗಿರುತ್ತದೆ. 2025ರ ಸೆಪ್ಟೆಂಬರ್‌ನ ಜಿಎಸ್‌ಟಿ ಬದಲಾವಣೆಯಿಂದ ಡೀಸೆಲ್ಲಿಗೆ ಸ್ವಲ್ಪ ಅನುಕೂಲವಾಗಿದೆ ಎಂಬುದನ್ನೂ ಹೇಳಬೇಕು. ನಾಲ್ಕು ಮೀಟರಿಗೆ ಮೀರದ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೂ 1,500 ಸಿಸಿವರೆಗಿನ ಡೀಸೆಲ್ ಕಾರಿಗೂ ಈಗ ಒಂದೇ ಶೇ 18. ಮೊದಲು ಸಣ್ಣ ಡೀಸೆಲ್ಲಿಗೆ ಸೆಸ್ ಎರಡು ಪರ್ಸೆಂಟ್ ಹೆಚ್ಚಿತ್ತು. ಆದರೂ ತೆರಿಗೆ ಶ್ರೇಣಿಯ ಗಡಿಯಲ್ಲಿ ನಿಂತ ಕಾರು ಕೊಳ್ಳುವವರು ಎರಡೂ ಮಾದರಿಯ ಆನ್‌ರೋಡ್ ಬೆಲೆ ಕೇಳದೆ ಮುಂದುವರಿಯಬಾರದು.

ಇನ್ನು ಸಾಲ. ಮುಂಗಡ ಎಷ್ಟೇ ಕೊಟ್ಟರೂ ಡೀಸೆಲ್ಲಿಗಾಗಿ ಹೆಚ್ಚು ಕೊಡುವ ಒಂದೂವರೆ ಲಕ್ಷ ಬಹುತೇಕ ಬ್ಯಾಂಕಿನಿಂದಲೇ ಬರುತ್ತದೆ. ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಅದರ ಕಂತು ತಿಂಗಳಿಗೆ ಸುಮಾರು 3,100 ರೂಪಾಯಿ. ಕಿಲೋಮೀಟರಿಗೆ 1.89 ರೂಪಾಯಿ ಉಳಿಸಿ ಈ ಕಂತು ಕಟ್ಟಬೇಕಾದರೆ ತಿಂಗಳಿಗೆ 1,650 ಕಿ.ಮೀ. ಓಡಿಸಬೇಕು. ಈ ಒಂದು ಅಂಕಿ ನೆನಪಿಟ್ಟುಕೊಂಡರೆ ಸಾಕು ಎನ್ನುತ್ತೇನೆ. ಸಾಲ ತೀರಿದ ಮೇಲೆ ಉಳಿಯುವುದೆಲ್ಲ ಲಾಭವಲ್ಲವೇ ಎಂದು ಕೇಳಬಹುದು. ಹೌದು, ಲಾಭವೇ. ಆದರೆ ತಿಂಗಳಿಗೆ 800 ಕಿ.ಮೀ. ಓಡಿಸುವವರು ಹತ್ತು ವರ್ಷದಲ್ಲಿ ಉಳಿಸುವುದು 1.81 ಲಕ್ಷ, ಬಡ್ಡಿ ಸೇರಿ ಹೆಚ್ಚು ಕೊಟ್ಟಿರುವುದು 1.87 ಲಕ್ಷ. ಹತ್ತು ವರ್ಷ ಕಾದ ಮೇಲೂ ಸಮಸಮ. ಡೀಸೆಲ್ಲಿನ ಸರ್ವಿಸ್ ಖರ್ಚು ಹೆಚ್ಚು ಎಂಬುದನ್ನು ಇದರಲ್ಲಿ ಹಿಡಿದೇ ಇಲ್ಲ.

ಇಳಕಲ್ಲಿನಲ್ಲಿ 1,650 ಕಿ.ಮೀ. ಓಡಿಸುವವರು ಯಾರು? ಸೀರೆ ವ್ಯಾಪಾರಕ್ಕೆ ವಾರ ವಾರ ಸೋಲಾಪುರ, ಹುಬ್ಬಳ್ಳಿ ಎಂದು ಓಡಾಡುವವರು, ಗ್ರಾನೈಟ್ ಕ್ವಾರಿ ಮತ್ತು ಪಾಲಿಶ್ ಕಾರ್ಖಾನೆಯ ಕೆಲಸಕ್ಕೆ ಜಿಲ್ಲೆಯಿಂದ ಜಿಲ್ಲೆಗೆ ತಿರುಗುವವರು, ಬಾದಾಮಿ–ಪಟ್ಟದಕಲ್ಲು–ಐಹೊಳೆ–ಕೂಡಲಸಂಗಮಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರಿನವರು, ದಿನಾ ಬಾಗಲಕೋಟೆಗೆ ಹೋಗಿಬರುವ ನೌಕರರು. ಬಾಗಲಕೋಟೆಗೆ ಹೋಗಿಬರುವುದೆಂದರೆ ದಿನಕ್ಕೆ ನೂರು ಕಿಲೋಮೀಟರ್ ಮೀರುತ್ತದೆ. ತಿಂಗಳಿಗೆ ಎರಡು ಸಾವಿರ ಸುಲಭವಾಗಿ ದಾಟುತ್ತದೆ. ಇವರೆಲ್ಲ ಕಣ್ಣುಮುಚ್ಚಿ ಡೀಸೆಲ್ ಕೊಳ್ಳಬಹುದು. ಆದರೆ ಅಂಗಡಿ, ಬ್ಯಾಂಕು, ಶಾಲೆ, ಮಹಾಂತೇಶ ಮಠ, ವಾರಕ್ಕೊಮ್ಮೆ ಹುನಗುಂದ, ತಿಂಗಳಿಗೊಮ್ಮೆ ವಿಜಯಪುರದ ಆಸ್ಪತ್ರೆ, ವರ್ಷಕ್ಕೆರಡು ಸಲ ಬೆಂಗಳೂರು ಎಂಬ ಓಡಾಟದ ಮನೆ ಇದರ ಅರ್ಧವನ್ನೂ ಮುಟ್ಟುವುದು ಕಷ್ಟ. ‘ನಮ್ಮೂರು ಹೈವೇ ಮ್ಯಾಲೈತ್ರಿ, ಲಾಂಗ್ ರೂಟ್ ನಮ್ಮದು’ ಎಂದು ಹೇಳುವವರಲ್ಲಿ ಹೆಚ್ಚಿನವರ ಕಾರು ಆ ಹೈವೇಯನ್ನು ದಾಟಿ ಪೇಟೆಗೆ ಹೋಗುವುದೇ ಹೆಚ್ಚು.

ಈ ಸಣ್ಣ ಓಟದಲ್ಲಿ ಡೀಸೆಲ್ಲಿಗೆ ಖರ್ಚಿಗಿಂತ ದೊಡ್ಡದೊಂದು ತೊಂದರೆ ಇದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ನಿಯಮ ಬಂತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿತ್ತು. ಹೊಸ ನಿಯಮ ಆ ಮಸಿಯನ್ನು ಕಾರಿನೊಳಗೇ ತಡೆಯಬೇಕೆಂದಿತು. ಅದಕ್ಕಾಗಿ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಜರಡಿ ಇರುತ್ತದೆ. ಜರಡಿ ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಸುರಿದು, ಜರಡಿಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದು ನಡೆಯಲು ಕಾರು ಒಂದೇ ಹದದ ವೇಗದಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಓಡಬೇಕು. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಮತ್ತೆ ಹೀಗಾದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಸುಡಲೆಂದು ಸುರಿದ ಡೀಸೆಲ್ಲಿನಲ್ಲಿ ಒಂದಿಷ್ಟು ಇಳಿದು ಎಂಜಿನ್ ಆಯಿಲ್ ತೆಳ್ಳಗಾಗುತ್ತದೆ, ಕೊನೆಗೆ ಎಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಜರಡಿ ಬದಲಿಸುವ ಖರ್ಚು ಹಲವು ವರ್ಷದ ಉಳಿತಾಯವನ್ನು ಒಂದೇ ಸಲಕ್ಕೆ ನುಂಗುತ್ತದೆ. ಇಲ್ಲಿ ಇಳಕಲ್ಲಿನವರಿಗೆ ಬೆಂಗಳೂರಿನವರಿಗಿಲ್ಲದ ಒಂದು ಅನುಕೂಲವಿದೆ: ದೀಪ ಹತ್ತಿದರೆ ನಾಲ್ಕು ಪಥದ ರಸ್ತೆಯಲ್ಲಿ ಕುಷ್ಟಗಿಯತ್ತ ನಿಲ್ಲಿಸದೆ ಹೋಗಿ ಬಂದರೆ ಸಾಮಾನ್ಯವಾಗಿ ಜರಡಿ ಶುದ್ಧವಾಗುತ್ತದೆ. ಆದರೆ ಜರಡಿ ತೊಳೆಯಲೆಂದೇ ಡೀಸೆಲ್ ಸುಟ್ಟುಕೊಂಡು ಕುಷ್ಟಗಿಗೆ ಹೋಗುವ ಕಾರನ್ನು ಉಳಿತಾಯದ ಕಾರು ಎನ್ನಲು ನನಗಂತೂ ಮನಸ್ಸಿಲ್ಲ. ಸಣ್ಣ ಡೀಸೆಲ್ ಎಂಜಿನ್ನನ್ನು ಈ ನಿಯಮಕ್ಕೆ ಹೊಂದಿಸಿದರೆ ಕಾರು ತೀರ ದುಬಾರಿಯಾಗುತ್ತದೆ ಎಂದೇ ದೇಶದ ಅತಿ ದೊಡ್ಡ ಕಾರು ಕಂಪನಿ ಮಾರುತಿ ಸುಜುಕಿ 2020ರಿಂದ ಡೀಸೆಲ್ ಕಾರು ಮಾರುವುದನ್ನೇ ನಿಲ್ಲಿಸಿತು. ಸ್ವಿಫ್ಟ್ ಡಿಸೈರ್ ಡೀಸೆಲ್ಲನ್ನು ಮನೆ ಮನೆಗೆ ತಲುಪಿಸಿದ್ದೂ ಇದೇ ಕಂಪನಿ ಎಂಬುದನ್ನು ನೆನೆದರೆ ಗಾಳಿ ಎತ್ತ ತಿರುಗಿದೆ ಎಂದು ತಿಳಿಯುತ್ತದೆ.

ಡೀಸೆಲ್ ಪರವಾಗಿ ಗಟ್ಟಿಯಾಗಿ ಕೇಳಿಬರುವ ಮಾತು ಎಳೆತದ್ದು. ತುಂಬಿದ ಗಾಡಿಯನ್ನು ಕೆಳಗಿನ ಗೇರಿನ ಗೊಡವೆಯಿಲ್ಲದೆ ಎಳೆದುಕೊಂಡು ಹೋಗುವುದರಲ್ಲಿ ಡೀಸೆಲ್ಲಿಗೆ ಸಾಟಿ ಇಲ್ಲ, ಭಾರ ಹೇರಿದಾಗ ಅದರ ಎವರೇಜ್ ಪೆಟ್ರೋಲಿನಷ್ಟು ಕುಸಿಯುವುದೂ ಇಲ್ಲ. ಘಟ್ಟದಲ್ಲಿ ಇದು ದೊಡ್ಡ ಗುಣ. ಆದರೆ ಇಳಕಲ್ಲಿನ ಸುತ್ತಲಿನ ನೆಲ ಬಯಲು. ಹೊಸಪೇಟೆಗೋ ವಿಜಯಪುರಕ್ಕೋ ಹೋಗುವ ದಾರಿಯಲ್ಲಿ ಘಟ್ಟದಂಥ ಏರು ಇಲ್ಲ. ಟರ್ಬೊ ಇರುವ ಇಂದಿನ ಸಣ್ಣ ಪೆಟ್ರೋಲ್ ಎಂಜಿನ್‌ಗಳ ಎಳೆತ ಮನೆಮಂದಿಗೆ ಧಾರಾಳ ಸಾಕು, ಕಾಲು ಒತ್ತಿದರೆ ಅವು ಪೆಟ್ರೋಲನ್ನು ಧಾರಾಳವಾಗಿಯೇ ಕುಡಿಯುತ್ತವೆ ಎಂಬುದು ಬೇರೆ ಮಾತು. ಬನಶಂಕರಿ ಜಾತ್ರೆಗೆ ಹತ್ತು ಮಂದಿ, ಧರ್ಮಸ್ಥಳಕ್ಕೆ ಇಡೀ ಕುಟುಂಬ ಹೋಗಬೇಕಲ್ಲ ಎಂದರೆ, ಅದಕ್ಕೆ ಊರಲ್ಲಿ ಕ್ರೂಸರ್ ಬಾಡಿಗೆಗೆ ಸಿಗುತ್ತದೆ. ವರ್ಷಕ್ಕೆ ಎರಡು ಯಾತ್ರೆಗಾಗಿ ಐದು ವರ್ಷ ತಿಂಗಳಿಗೆ 3,100 ರೂಪಾಯಿ ಕಟ್ಟುವುದು ಜಾಣತನವಲ್ಲ.

ಬಾಳಿಕೆ ಮತ್ತು ಮಾರಾಟ ಬೆಲೆಯ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಜೀಪು, ಟ್ರ್ಯಾಕ್ಸ್, ಬೊಲೆರೊಗಳ ಎಂಜಿನ್ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ದನ್ನು ಈ ಭಾಗದ ಜನ ಕಣ್ಣಾರೆ ನೋಡಿದ್ದಾರೆ, ಊರ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಅದನ್ನು ರಿಪೇರಿ ಮಾಡಿದ್ದನ್ನೂ ನೋಡಿದ್ದಾರೆ. ಬಿಎಸ್ 6 ಡೀಸೆಲ್ ಆ ಎಂಜಿನ್ ಅಲ್ಲ. ಅದರ ದೋಷ ಹುಡುಕಲು ಸ್ಕ್ಯಾನರ್ ಬೇಕು, ಇಂಜೆಕ್ಟರಿಗೆ ಪರಿಣತರು ಬೇಕು. ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ನಮ್ಮ ಕಡೆ ಡೀಸೆಲ್ಲಿಗೆ ಇನ್ನೂ ಬೇಡಿಕೆ ಇದೆ, ಹೆಚ್ಚು ಕೊಟ್ಟದ್ದರಲ್ಲಿ ಒಂದು ಪಾಲು ವಾಪಸು ಬರುತ್ತದೆ ಎಂಬುದನ್ನು ಒಪ್ಪಬೇಕು. ಆ ಪಾಲು ಎಷ್ಟು ಎಂಬುದು ಮುಂದಿನ ಸರ್ಕಾರಗಳ ಕೈಯಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಡೀಸೆಲ್ ವಾಹನಗಳ ಮೇಲೆ ಶೇ 10 ಹೆಚ್ಚುವರಿ ಜಿಎಸ್‌ಟಿಯ ಮಾತಾಡಿ, ಅಂಥ ಪ್ರಸ್ತಾವ ಸದ್ಯಕ್ಕಿಲ್ಲ ಎಂದು ಅದೇ ದಿನ ಸ್ಪಷ್ಟನೆಯನ್ನೂ ಕೊಟ್ಟಿದ್ದರು.

ಮನೆಯಲ್ಲಿ ಟ್ರ್ಯಾಕ್ಟರಿಗೆಂದು ಡೀಸೆಲ್ ಇದ್ದೇ ಇರುತ್ತದೆ, ಕಾರಿಗೂ ಅದನ್ನೇ ಹಾಕಿದರಾಯಿತು ಎಂಬುದು ರೈತ ಕುಟುಂಬಗಳ ವಾದ. ಇದು ಅಪಾಯದ ಆಲೋಚನೆ. ಬ್ಯಾರಲ್ಲು, ಕ್ಯಾನುಗಳಲ್ಲಿ ತಿಂಗಳುಗಟ್ಟಲೆ ನಿಂತ ಡೀಸೆಲ್ಲಿನಲ್ಲಿ ನೀರು, ತುಕ್ಕು, ಧೂಳು ಸೇರಿರುತ್ತದೆ. ಟ್ರ್ಯಾಕ್ಟರ್ ಅದನ್ನು ಹೇಗೋ ಸಹಿಸಿಕೊಳ್ಳುತ್ತದೆ, ಹೊಸ ಕಾರಿನ ಇಂಜೆಕ್ಟರಿನ ಕೂದಲೆಳೆಯಂಥ ರಂಧ್ರಗಳು ಸಹಿಸುವುದಿಲ್ಲ.

ಪೆಟ್ರೋಲಿನ ವಿರುದ್ಧದ ಹೊಸ ಆಕ್ಷೇಪ ಎಥೆನಾಲಿನದು, ಅದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಈಗ ಪಂಪಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ (ಇ20) ಇರುತ್ತದೆ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಇ10 ಇಂಧನಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಎವರೇಜ್ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಇ20ಕ್ಕೆ ಹೊಂದಿಸಿದ ಎಂಜಿನ್‌ಗಳಲ್ಲಿ ಇಳಿಕೆ ಬಹಳ ಕಡಿಮೆ. ಮುಧೋಳ, ಜಮಖಂಡಿ, ಬೀಳಗಿಗಳ ಕಬ್ಬು ಎಥೆನಾಲಾಗಿ ಅದೇ ಜಿಲ್ಲೆಯವರ ಕಾರಿನ ಟ್ಯಾಂಕಿಗೆ ಮರಳುತ್ತಿದೆ ಎಂಬುದರಲ್ಲಿ ಬಾಗಲಕೋಟೆಯ ರೈತರಿಗೆ ಸಂತೋಷವಿರಬಹುದು, ಕಡಿಮೆ ಶಕ್ತಿಯ ಇಂಧನವನ್ನು ಕಡಿಮೆ ದರಕ್ಕೆ ಕೊಡದಿರುವುದು ಮಾತ್ರ ಗ್ರಾಹಕರಿಗೆ ಆದ ಅನ್ಯಾಯವೇ. ಇಷ್ಟಾದರೂ ಮೇಲಿನ ತೀರ್ಮಾನ ಬದಲಾಗುವುದಿಲ್ಲ. ಪೆಟ್ರೋಲ್ ಕಾರಿನ 16 ಕಿ.ಮೀ.ಯನ್ನು 15ಕ್ಕೆ ಇಳಿಸಿ ಲೆಕ್ಕ ಹಾಕಿದರೂ ಸಾಲದ ಕಂತು ಹುಟ್ಟಲು ತಿಂಗಳಿಗೆ 1,300 ಕಿ.ಮೀ.ಗೂ ಹೆಚ್ಚು ಓಡಲೇಬೇಕು. ಸಿಎನ್‌ಜಿ ಕಾರು ಇವೆರಡಕ್ಕಿಂತ ಅಗ್ಗವಾಗಿ ಓಡುತ್ತದೆ. ನೀವು ಓಡಾಡುವ ದಾರಿಯಲ್ಲಿ ಗ್ಯಾಸ್ ಪಂಪು ಇದ್ದು, ಡಿಕ್ಕಿಯ ಜಾಗ ಬಿಟ್ಟುಕೊಡಲು ಒಪ್ಪಿಗೆಯಿದ್ದರೆ ಅದನ್ನೂ ನೋಡಿ.

ಕೊನೆಗೆ ಅಗ್ಗದ ಹಳೆಯ ಡೀಸೆಲ್ ಕಾರುಗಳ ಬಗ್ಗೆ ಒಂದು ಎಚ್ಚರಿಕೆ. ದೆಹಲಿ ಸುತ್ತಲಿನ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ಓಡಿಸಬಾರದೆಂಬ ಹಸಿರು ನ್ಯಾಯಮಂಡಳಿಯ 2015ರ ಆದೇಶ, 2018ರ ಸುಪ್ರೀಂ ಕೋರ್ಟ್ ನಿರ್ದೇಶನಗಳ ನಂತರ ಅಲ್ಲಿನ ದೊಡ್ಡ ಡೀಸೆಲ್ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಕರ್ನಾಟಕದಲ್ಲಿ ಆ ಹತ್ತು ವರ್ಷದ ನಿಯಮ ಇಲ್ಲ, ನಿಜ. ಆದರೆ ಎನ್‌ಒಸಿ ತರಿಸಿ, ವಾಹನದ ವಯಸ್ಸಿಗೆ ತಕ್ಕ ಆಜೀವ ತೆರಿಗೆ ಇಲ್ಲಿ ಕಟ್ಟಿ, ಕೆಎ 29 ನಂಬರು ಹಾಕಿಸಿಕೊಳ್ಳುವ ಹೊತ್ತಿಗೆ ಅಗ್ಗ ಎಂಬುದು ಕರಗಿರುತ್ತದೆ. ಹೊಸದಾಗಲಿ ಹಳೆಯದಾಗಲಿ, ಷೋರೂಮಿಗೆ ಕಾಲಿಡುವ ಮೊದಲು ಒಂದು ಕೆಲಸ ಮಾಡಿ. ಈಗಿರುವ ಕಾರಿನ ಮೀಟರ್ ಓದನ್ನು ತಿಂಗಳ ಒಂದನೇ ತಾರೀಖು ಬರೆದಿಡಿ, ಮೂರು ತಿಂಗಳ ನಂತರ ಮತ್ತೆ ನೋಡಿ ಮೂರರಿಂದ ಭಾಗಿಸಿ. ಕಾರಿಲ್ಲದಿದ್ದರೆ ಹೋಗಿಬಂದ ಊರುಗಳ ದೂರವನ್ನು ಕೂಡಿಸಿ. ಎರಡೂ ಮಾದರಿಯ ಆನ್‌ರೋಡ್ ಬೆಲೆಯನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ನಿಮ್ಮ ತಿಂಗಳ ಓಟ ಸಾವಿರದ ಒಳಗಿದ್ದರೆ ಡೀಸೆಲ್ ಹಾಳೆಯನ್ನು ಸೇಲ್ಸ್‌ಮನ್ ಕೈಗೇ ವಾಪಸು ಕೊಟ್ಟುಬಿಡಿ.